ಪಕ್ಕದ ಮನೆಯ ಸೈಲೆನ್ಸರ್ ಮತ್ತು ನಸುಕಿನ ನಾಲ್ಕು ಗಂಟೆ

ಪಕ್ಕದ ಮನೆಯ ಕಾರು ನಸುಕಿನ ನಾಲ್ಕಕ್ಕೆ ಹೊರಡುತ್ತದೆ, ರಾತ್ರಿ ಹನ್ನೊಂದೂವರೆಗೆ ಬರುತ್ತದೆ, ಎರಡು ಹೊತ್ತೂ ಮನೆಮಂದಿಗೆಲ್ಲ ಎಚ್ಚರ. ಹೀಗೆ ಗೋಳು ಹೇಳಿಕೊಳ್ಳುವವರನ್ನು "ಸದ್ದು ಎಂಥದ್ದು?" ಎಂದು ಕೇಳಿ ನೋಡಿ. "ಜೋರು" ಅನ್ನುತ್ತಾರೆ, ಅಲ್ಲಿಗೇ ನಿಲ್ಲುತ್ತಾರೆ. ಅಷ್ಟು ಸಾಲದು. ತುಕ್ಕು ತಿಂದು ತೂತಾದ ಸೈಲೆನ್ಸರ್ ಒಂದು ಬಗೆ. ಬೇಕೆಂದೇ ಬದಲಾಯಿಸಿದ್ದು ಇನ್ನೊಂದು. ಕಂಪನಿ ಸೈಲೆನ್ಸರೇ ಇದ್ದರೂ ಹೊರಡುವ ಮುಂಚೆ ಹತ್ತು ನಿಮಿಷ ಇಂಜಿನ್ ರೇಸ್ ಮಾಡುವ ಚಟ ಮತ್ತೊಂದು. ಮೊದಲನೆಯದಕ್ಕೆ ಒಂದು ಒಳ್ಳೆಯ ಮಾತು, ಗ್ಯಾರೇಜಿನಲ್ಲಿ ಅರ್ಧ ದಿನ ಸಾಕು. ಎರಡನೆಯದಕ್ಕೆ ಕಾನೂನಿನಲ್ಲಿ ಗಟ್ಟಿ ಹಿಡಿತ ಇದೆ. ಮೂರನೆಯದು ಕೇಳಲು ಸಣ್ಣದು, ಬಗೆಹರಿಸಲು ಎಲ್ಲಕ್ಕಿಂತ ಕಷ್ಟ. ಯಾವುದು ಎಂದು ಗೊತ್ತುಮಾಡಿಕೊಳ್ಳದೆ ನೇರ ಠಾಣೆಗೆ ಹೋದವರು ನೆರೆಮನೆಯ ಮುಖವನ್ನೂ ಕಳೆದುಕೊಳ್ಳುತ್ತಾರೆ, ನಿದ್ದೆಯನ್ನೂ.

ಸೈಲೆನ್ಸರ್ ಮಾಡುವ ಕೆಲಸ ಏನು ಎಂಬಲ್ಲಿಂದ ಶುರುಮಾಡೋಣ. ಇಂಜಿನ್ನಿನೊಳಗೆ ಇಂಧನ ಉರಿದು, ಹೊಗೆ ಹೊರಹೋಗುವ ವಾಲ್ವ್ ತೆರೆದ ಗಳಿಗೆಯಲ್ಲಿ ಒಳಗಿನ ಅನಿಲ ಹೊರಗಿನ ಗಾಳಿಗಿಂತ ಎಷ್ಟೋ ಪಟ್ಟು ಒತ್ತಡದಲ್ಲಿ ಇರುತ್ತದೆ. ಅದು ಪೈಪಿಗೆ ನುಗ್ಗುವಾಗಿನ ಒಂದೊಂದು ಹೊಡೆತವೂ ಒಂದು ಸಣ್ಣ ಸಿಡಿತ. ನಾಲ್ಕು ಸಿಲಿಂಡರಿನ ಕಾರಿನಲ್ಲಿ ಕ್ರ್ಯಾಂಕ್, ಅಂದರೆ ಇಂಜಿನ್ನಿನ ತಿರುಗುವ ದಂಡ, ಒಂದು ಸುತ್ತು ಬರುವಷ್ಟರಲ್ಲಿ ಇಂಥ ಎರಡು ಸಿಡಿತ. ಕಾರು ನಿಂತಲ್ಲೇ ಇದ್ದು ಇಂಜಿನ್ ನಿಮಿಷಕ್ಕೆ 900 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 30, ಅಂದರೆ 30 ಹರ್ಟ್ಜ್. ಸೈಲೆನ್ಸರಿನ ಡಬ್ಬಿಯೊಳಗೆ ಅಡ್ಡಗೋಡೆಗಳು, ಕೋಣೆಗಳು, ತೂತು ತೂತಿನ ನಳಿಗೆಗಳು ಇರುತ್ತವೆ. ಅಲೆಗಳು ಅಲ್ಲಿ ಗೋಡೆಯಿಂದ ಗೋಡೆಗೆ ಬಡಿದು, ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಸಿಕ್ಕಿ ಒಂದನ್ನೊಂದು ಅಳಿಸುತ್ತವೆ. ಕೆಲವದರಲ್ಲಿ ನಳಿಗೆಯ ಸುತ್ತ ತುಂಬಿದ ಗಾಜಿನ ನಾರು ಕೀರಲು ಸ್ವರಗಳನ್ನು ಹೀರಿಕೊಳ್ಳುತ್ತದೆ. ಡಬ್ಬಿಗೆ ತೂತು ಬಿದ್ದರೆ, ಅಥವಾ ಡಬ್ಬಿಯನ್ನೇ ಕಿತ್ತು ನೇರ ಪೈಪು ಬೆಸೆದರೆ, ಆ ಸಿಡಿತಗಳು ಹಾಗೆಹಾಗೆಯೇ ಓಣಿಗೆ ಬರುತ್ತವೆ.

ಬರುವುದು ಹೆಚ್ಚಾಗಿ ಮಂದ್ರದ ಸದ್ದು. ತೊಂದರೆಯ ಬೇರು ಇಲ್ಲಿದೆ. 30 ಹರ್ಟ್ಜಿನ ಅಲೆಯ ಉದ್ದ ಹನ್ನೊಂದು ಮೀಟರಿಗೂ ಮೇಲೆ. ಆಳೆತ್ತರದ ಚಿರೆಕಲ್ಲಿನ ಕಂಪೌಂಡನ್ನು ಅದು ಸಲೀಸಾಗಿ ದಾಟಿ ಬರುತ್ತದೆ, ಕಿಟಕಿಯ ಗಾಜಿಗೆ ಅದನ್ನು ತಡೆಯುವ ತೂಕ ಇಲ್ಲ. ಜತೆಗೆ ಕೋಣೆಯೂ ಸೇರಿಕೊಳ್ಳುತ್ತದೆ. 3.4 ಮೀಟರ್ ಉದ್ದದ ಸಾಮಾನ್ಯ ಮಲಗುವ ಕೋಣೆ ತಾನಾಗಿಯೇ ಸುಮಾರು 50 ಹರ್ಟ್ಜಿಗೆ ಮೊಳಗುತ್ತದೆ. ಆಗ ತಾನೇ ಶುರುಮಾಡಿದ ನಾಲ್ಕು ಸಿಲಿಂಡರಿನ ಕಾರು 1500 ಸುತ್ತಿನಲ್ಲಿ ಓಡುತ್ತಿದ್ದರೆ ಅದರ ಹೊಡೆತವೂ ಸೆಕೆಂಡಿಗೆ ಸರಿಯಾಗಿ 50. ಹಾಗಾಗಿ ಅಂಗಳದಲ್ಲಿ ನಿಂತವನಿಗೆ "ಇಷ್ಟೇನಾ" ಅನ್ನಿಸಿದ್ದು ಹಾಸಿಗೆಯಲ್ಲಿ ಮಲಗಿದವನಿಗೆ ಎದೆ ಅದುರಿದ ಹಾಗೆ ಆಗುತ್ತದೆ, ಕಪಾಟಿನ ಗಾಜು ಕಟಕಟ ಅನ್ನುತ್ತದೆ. ಕಾರಿನ ಯಜಮಾನ "ನಮಗೆ ಅಷ್ಟು ಕೇಳೂದೇ ಇಲ್ಲಲ್ರೀ" ಅಂದರೆ ಸುಳ್ಳು ಹೇಳುತ್ತಿದ್ದಾನೆ ಎಂದು ತಿಳಿಯಬೇಡಿ. ಪೈಪಿನ ಬಾಯಿ ಇರುವುದು ಹಿಂದೆ, ಅವನು ಕೂತಿರುವುದು ಮುಂದೆ, ಗಾಜು ಏರಿಸಿಕೊಂಡು.

ಮೊಬೈಲಿನಲ್ಲಿ ಡೆಸಿಬಲ್ ಅಳೆಯುವ ಆಪ್ ಹಾಕಿಕೊಂಡವರಿಗೆ ಇನ್ನೊಂದು ನಿರಾಸೆ ಕಾದಿರುತ್ತದೆ. ಕಾನೂನೂ ಆಪುಗಳೂ ಬಳಸುವ "ಡೆಸಿಬಲ್ ಎ" ಎಂಬ ಮಾಪನ ಮನುಷ್ಯನ ಕಿವಿಯ ಸೂಕ್ಷ್ಮತೆಗೆ ತಕ್ಕಂತೆ ಮಂದ್ರ ಸ್ವರಗಳಿಗೆ ಕತ್ತರಿ ಹಾಕುತ್ತದೆ. 50 ಹರ್ಟ್ಜಿನಲ್ಲಿ ಆ ಕಡಿತ ಸುಮಾರು 30 ಡೆಸಿಬಲ್. ಎದೆಗೆ ಬಡಿಯುವ ಸದ್ದು ಪರದೆಯ ಮೇಲೆ ಸಾಧಾರಣ ಅಂಕಿಯಾಗಿ ಕಾಣುವುದು ಇದರಿಂದ. ವಿಡಿಯೋ ಕಥೆಯೂ ಅಷ್ಟೇ: ಫೋನು ಜೋರಾದದ್ದನ್ನು ತಾನೇ ತಗ್ಗಿಸಿ, ಮೆಲ್ಲಗಿನದನ್ನು ಏರಿಸಿ ದಾಖಲಿಸುತ್ತದೆ. ಅದರ ಪುಟ್ಟ ಸ್ಪೀಕರಿನಲ್ಲಿ 50 ಹರ್ಟ್ಜ್ ಹೊರಡುವುದೇ ಇಲ್ಲ. ಠಾಣೆಯಲ್ಲಿ ಹಾಕಿ ತೋರಿಸಿದರೆ ಜೀರುಂಡೆಯ ಸದ್ದೇ ಜೋರಾಗಿ ಕೇಳೀತು.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಕರಾವಳಿಯಲ್ಲಿ ಇದಕ್ಕೆಲ್ಲ ಮನೆಗಳೂ ಕೈಜೋಡಿಸುತ್ತವೆ. ಸೆಕೆಗೆ ಕಿಟಕಿ ಮುಚ್ಚಿ ಮಲಗುವವರು ಯಾರು? ತುಸು ತೆರೆದ ಕಿಟಕಿ ಹೊರಗಿನ ಸದ್ದನ್ನು ಕಡಿಮೆ ಮಾಡುವುದು ಹೆಚ್ಚೆಂದರೆ 15 ಡೆಸಿಬಲ್. ಹಂಚಿನ ಮಾಡಾದರೆ ಸಂದುಗಳಿಂದಲೇ ಎಲ್ಲ ಒಳಗೆ. ಮಳೆಗಾಲದ ಮೂರು ತಿಂಗಳು ಮಾತ್ರ ಹಂಚಿನ ಮೇಲಿನ ಮಳೆಯ ಸದ್ದು ಉಳಿದೆಲ್ಲವನ್ನೂ ನುಂಗುತ್ತದೆ. ದೂರುಗಳೆಲ್ಲ ದೀಪಾವಳಿಯ ನಂತರ ಹುಟ್ಟಿಕೊಂಡರೆ ಆಶ್ಚರ್ಯ ಇಲ್ಲ. ಶಿರಸಿಯ ಕಡೆ ಚಳಿಗಾಲದ ನಸುಕಿನಲ್ಲಿ ಕಣಿವೆಯ ನೆಲದ ಬಳಿ ತಣ್ಣನೆ ಗಾಳಿ, ಅದರ ಮೇಲೆ ಬೆಚ್ಚನೆ ಪದರ ಕೂರುತ್ತದೆ. ಮೇಲಕ್ಕೆ ಹೋಗಬೇಕಾದ ಸದ್ದು ಬಾಗಿ ಮತ್ತೆ ನೆಲಕ್ಕೇ ಇಳಿಯುತ್ತದೆ. ಹಗಲು ಕೇಳದ ಘಟ್ಟದ ಲಾರಿ ನಸುಕಿಗೆ ಕೇಳುವುದು ಹೀಗೆ. ಪಕ್ಕದ ಮನೆಯ ಕಾರಿಗೆ ಇಷ್ಟೆಲ್ಲ ಬೇಕಿಲ್ಲ, ಸುತ್ತಲಿನ ಮೌನವೊಂದೇ ಸಾಕು.

ಇನ್ನು, ಶುರುವಿನ ಎರಡು ನಿಮಿಷವೇ ಯಾಕೆ ಅಷ್ಟು ಜೋರು? ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿಯಾಗದೆ ಕೆಲಸಕ್ಕೆ ಬರುವುದಿಲ್ಲ. ಅದನ್ನು ಬೇಗ ಕಾಯಿಸಲು ಇಂಜಿನ್ನಿನ ಕಂಪ್ಯೂಟರು ಬೇಕೆಂದೇ ಸುತ್ತು ಏರಿಸುತ್ತದೆ, ಕಿಡಿಯನ್ನು ತಡಮಾಡಿ ಬಿಸಿ ಅನಿಲವನ್ನು ಪೈಪಿಗೆ ತಳ್ಳುತ್ತದೆ. ಕಾರವಾರದಲ್ಲಿ ಚಳಿ ಎಲ್ಲಿದೆ ಅನ್ನಬೇಡಿ. ಸುಮಾರು 90 ಡಿಗ್ರಿಯಲ್ಲಿ ಓಡಬೇಕಾದ ಇಂಜಿನ್ನಿಗೆ ನಮ್ಮ 25 ಡಿಗ್ರಿಯೂ ಚಳಿಯೇ. ಇದು ಕಾರಿನ ಗುಣ, ಚಾಲಕನ ತಪ್ಪಲ್ಲ. ಆದರೆ ನಿಂತಲ್ಲೇ ಹತ್ತು ನಿಮಿಷ ಕಾಯಿಸುವುದು ಕಾರ್ಬ್ಯುರೇಟರ್ ಕಾಲದ ಅಭ್ಯಾಸ. ಈಗಿನ ಇಂಜೆಕ್ಷನ್ ಇಂಜಿನ್ನುಗಳಿಗೆ ಅರ್ಧ ನಿಮಿಷ ಸಾಕು, ಆಮೇಲೆ ಮೆಲ್ಲಗೆ ಓಡಿಸುತ್ತ ಹೋದರೆ ನಿಂತಿದ್ದಕ್ಕಿಂತ ಬೇಗ ಬಿಸಿಯಾಗುತ್ತದೆ. ನೆರೆಮನೆಯವರಿಗೆ ಹೇಳಲು ಇದು ಒಳ್ಳೆಯ ಮಾತು, ಯಾಕೆಂದರೆ ಉಳಿಯುವ ಪೆಟ್ರೋಲು ಅವರದ್ದೇ.

ತುಕ್ಕಿನ ವಿಚಾರಕ್ಕೆ ಬರೋಣ, ಕಡಲೂರಿನವರಿಗೆ ಇದು ಮುಖ್ಯ. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ, ಹಬೆಯ ರೂಪದಲ್ಲಿ. ದೂರ ಓಡುವ ಕಾರಿನಲ್ಲಿ ಅದು ಬಿಸಿಗೆ ಹೊರಗೆ ಹೋಗಿಬಿಡುತ್ತದೆ. ಕಾರವಾರದ ಕಾಜುಬಾಗದಿಂದ ಪೇಟೆಗೆ, ಪೇಟೆಯಿಂದ ಮನೆಗೆ ಎಂದು ಓಡುವ ಕಾರಿನ ಸೈಲೆನ್ಸರ್ ಪೂರ್ತಿ ಕಾಯುವುದೇ ಇಲ್ಲ. ನೀರು ಒಳಗೇ ಇಳಿದು ತಳವನ್ನು ತಿನ್ನುತ್ತದೆ. ಹೊರಗಿನಿಂದ ಉಪ್ಪು ಗಾಳಿ. ಎರಡೂ ಕಡೆಯಿಂದ ತಿಂದ ತಗಡು ಮೊದಲು ಬಿಡುವುದು ಬೆಸುಗೆಯ ಅಂಚಿನಲ್ಲಿ, ಇಲ್ಲವೇ ಡಬ್ಬಿಯ ಕೆಳಮೈಯಲ್ಲಿ. ತೂತಿನ ಸದ್ದಿಗೆ ಗುರುತು ಇದೆ. ವಾರ ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರುತ್ತದೆ, ಒಡಕು ಒಡಕಾಗಿರುತ್ತದೆ, ಶೋಕಿ ಸೈಲೆನ್ಸರಿನ ದುಂಡನೆಯ ಗುಡುಗು ಅದರಲ್ಲಿ ಇರುವುದಿಲ್ಲ. ನೇತುಹಾಕಿದ ರಬ್ಬರು ಹರಿದಿದ್ದರೆ ಗಡಗಡ ಎಂದು ತಗಡು ಬಡಿಯುತ್ತದೆ. ಇಂಜಿನ್ ಹತ್ತಿರದ ಗ್ಯಾಸ್ಕೆಟ್ ಸೋರುತ್ತಿದ್ದರೆ ಮುಂದಿನಿಂದ ಟಿಕ್ ಟಿಕ್ ಸದ್ದು ಬಂದು, ಇಂಜಿನ್ ಬಿಸಿಯಾದ ಮೇಲೆ ಕಡಿಮೆಯಾಗುತ್ತದೆ. ಬದಲಾಯಿಸಿದ ಸೈಲೆನ್ಸರಾದರೆ ಒಂದೇ ದಿನದಲ್ಲಿ ಸದ್ದು ಬೇರೆಯಾಗಿರುತ್ತದೆ, ಪೈಪಿನ ಬಾಯಿ ದೊಡ್ಡದಾಗಿ ಹೊಳೆಯುತ್ತಿರುತ್ತದೆ, ಎಕ್ಸಲರೇಟರಿನಿಂದ ಕಾಲು ತೆಗೆದ ಕೂಡಲೇ ಪಟಪಟ ಸಿಡಿಯುತ್ತದೆ. ಉರಿಯದೆ ಉಳಿದ ಇಂಧನ ಬಿಸಿ ಪೈಪಿನಲ್ಲಿ ಹೊತ್ತಿಕೊಳ್ಳುವ ಸದ್ದು ಅದು. ಕೆಲವರು ದುಡ್ಡು ಕೊಟ್ಟು ಕಂಪ್ಯೂಟರ್ ತಿದ್ದಿಸಿ ಅದನ್ನು ಬರಿಸಿಕೊಳ್ಳುತ್ತಾರೆ. ಯಾಕೆ ಎಂದು ಕೇಳಬೇಡಿ.

ತೂತು ಎಂದು ಅನುಮಾನ ಬಂದರೆ ಮಾತಿಗೆ ಒಳ್ಳೆಯ ದಾರಿ ತೆರೆಯುತ್ತದೆ. ಮುಂಭಾಗದಲ್ಲಿ ಸೋರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಕಾರಿನ ತಳದ ಸಂದುಗಳಿಂದ ಒಳಗೆ ಬರಬಹುದು. ಹಿಂದಿನ ಸೀಟಿನಲ್ಲಿ ಕೂರುವ ಮಕ್ಕಳಿಗೆ ಅಪಾಯ ಎಂದು ಹೇಳುವುದು ನೆಪವಾಗುವುದಿಲ್ಲ, ನಿಜವೇ. ಶಿರಸಿಯಲ್ಲಾದರೆ ಹಿರಿಯರೊಬ್ಬರು ಬೇಲಿಯಾಚೆಯ ಹುಡುಗನಿಗೆ "ತಮಾ, ನಿನ್ ಕಾರಿನ ಸೈಲೆನ್ಸರ್ ಎಲ್ಲೋ ತೂತಾದಂಗೆ ಕಾಣ್ತು, ಹೊಗೆ ಒಳಗೆ ಬತ್ತು, ಒಂದ್ಸಲ ನೋಡ್ಸು ಮಾರಾಯ" ಅಂದರೆ ಕೆಲಸ ಮುಗಿಯಿತು. ಕಾರವಾರದಲ್ಲಿ "ನಾಯ್ಕರೇ, ಗಾಡಿ ಸೌಂಡು ಮೊದ್ಲಿನ ಹಾಗಿಲ್ವಲ್ಲ, ಗ್ಯಾರೇಜಿಗೆ ತೋರ್ಸಿದ್ರಾ?" ಎಂಬ ಪ್ರಶ್ನೆ ಸಾಕು. ಎರಡರಲ್ಲೂ ನಿದ್ದೆಯ ಮಾತೇ ಇಲ್ಲ ಎಂಬುದನ್ನು ಗಮನಿಸಿ. ನಿದ್ದೆ ಹಾಳಾಯಿತು ಎಂದು ಶುರುಮಾಡಿದರೆ ಎದುರಿನವರು ತಮ್ಮನ್ನು ಸಮರ್ಥಿಸಿಕೊಳ್ಳಲು ನಿಲ್ಲುತ್ತಾರೆ. ಆ ಮಾತು ಎರಡನೇ ಸಲಕ್ಕೆ ಇರಲಿ, ಅದೂ ಹಗಲಲ್ಲಿ, ಅವರ ಮನೆಮಂದಿ ಜಗುಲಿಯಲ್ಲಿ ಕೂತು ಕೇಳುತ್ತಿರದ ಹೊತ್ತಿನಲ್ಲಿ.

ಹೊರಡುವವರಿಗೂ ಕಾರಣ ಇರುತ್ತದೆ. ಬೈತಖೋಲ ಬಂದರಿಗೆ ಮೀನಿಗೆ ಹೋಗುವವರು, ಕೈಗಾ ಅಣುಸ್ಥಾವರದ ಪಾಳಿಯವರು, ಗೋವಾದ ದಾಬೋಳಿ ಇಲ್ಲವೇ ಮೋಪಾ ವಿಮಾನ ನಿಲ್ದಾಣಕ್ಕೆ ಬಾಡಿಗೆ ಹೊಡೆಯುವ ಚಾಲಕರು ಆರು ಗಂಟೆಯವರೆಗೆ ಕಾಯಲಾರರು. ಅಂಥವರ ಬಳಿ ಹೊತ್ತು ಬದಲಿಸಿ ಎಂದು ಕೇಳುವುದು ದಂಡ. ಜಾಗ ಬದಲಿಸಲು ಕೇಳಬಹುದು. ಕಾರನ್ನು ಹಿಂದುಮುಂದಾಗಿ ನಿಲ್ಲಿಸಿ ಪೈಪಿನ ಬಾಯಿ ನಿಮ್ಮ ಕಿಟಕಿಯ ಬದಲು ರಸ್ತೆಗೆ ಮುಖ ಮಾಡುವಂತೆ ನೋಡಿಕೊಳ್ಳುವುದು, ರಾತ್ರಿಯೇ ಗೇಟಿನ ಹತ್ತಿರ ತಂದಿಟ್ಟು ಶುರುಮಾಡಿದ ಕೂಡಲೇ ಹೊರಡುವುದು. ತೆರೆದ ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸದ್ದು 6 ಡೆಸಿಬಲ್ ಇಳಿಯುತ್ತದೆ. ಎರಡು ಮನೆಗಳ ಗೋಡೆಗಳ ನಡುವಿನ ಇಕ್ಕಟ್ಟಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ, ಗೋಡೆಯಿಂದ ಗೋಡೆಗೆ ಪುಟಿಯುತ್ತದೆ. ಹಾಗಾಗಿ ಆ ಇಕ್ಕಟ್ಟಿನಿಂದ ಕಾರು ಹೊರಗೆ ಬಂದರೆ ಸಿಗುವ ಲಾಭ ಅಂದುಕೊಂಡದ್ದಕ್ಕಿಂತ ಹೆಚ್ಚು.

ಮಾತಿಗೆ ಬಗ್ಗದಿದ್ದರೆ ಕಾನೂನು. ಇಲ್ಲಿ ಹೆಚ್ಚಿನವರು ಡೆಸಿಬಲ್ ಬೆನ್ನು ಹತ್ತಿ ಸೋಲುತ್ತಾರೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಎಂದರೆ ಹತ್ತರಿಂದ ಬೆಳಿಗ್ಗೆ ಆರು. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರಿನ ನಿಶ್ಶಬ್ದ ವಲಯದಲ್ಲಿ ರಾತ್ರಿಗೆ 40. ಓದಲು ಚಂದ. ಆದರೆ ಈ ಅಂಕಿಗಳು ಸರಾಸರಿ ಮಟ್ಟಗಳು. ನಿಮ್ಮ ಕಿಟಕಿಯ ಹೊರಗೆ ಮೂರು ನಿಮಿಷ 70 ಡೆಸಿಬಲ್ ಇತ್ತು ಎನ್ನಿ. ಅದನ್ನು ಎಂಟು ತಾಸಿನ ಇಡೀ ರಾತ್ರಿಗೆ ಹಂಚಿದರೆ ಸುಮಾರು 48. ಅದೇ ನಿಯಮಗಳು ಸದ್ದಿನ ಮಟ್ಟದ ಬಗ್ಗೆ ದೂರು ಕೊಡಲು ಮಿತಿಗಿಂತ 10 ಡೆಸಿಬಲ್ ಅಥವಾ ಅದಕ್ಕೂ ಹೆಚ್ಚು ಮೀರಿರಬೇಕು ಅನ್ನುತ್ತವೆ. ಅಲ್ಲಿಗೆ ನಿಮ್ಮ ದೂರು ಬಿತ್ತು. ನಿಮ್ಮ ನಿದ್ದೆ ಮಾತ್ರ ಸರಾಸರಿ ಲೆಕ್ಕ ಕೇಳುವುದಿಲ್ಲ. ಮಲಗುವ ಕೋಣೆಯೊಳಗೆ ಒಂದು ಸಲದ ಸದ್ದು ಕೂಡ 45 ಡೆಸಿಬಲ್ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ. ಹೊರಗಿನ 70ರಲ್ಲಿ ತೆರೆದ ಕಿಟಕಿಯ 15 ಕಳೆದರೂ ಒಳಗೆ 55 ಉಳಿಯುತ್ತದೆ.

ಆದ್ದರಿಂದ ಸದ್ದನ್ನು ಬಿಟ್ಟು ಸೈಲೆನ್ಸರನ್ನು ಹಿಡಿಯಿರಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ ಪ್ರತಿ ವಾಹನಕ್ಕೂ ಸದ್ದು ತಗ್ಗಿಸುವ ಸೈಲೆನ್ಸರ್ ಇರಲೇಬೇಕು ಅನ್ನುತ್ತದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ ನಿಯಮ ಮೀರಿದ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಸದ್ದು ಮತ್ತು ಹೊಗೆಯ ಮಾನದಂಡ ಮೀರಿ ಓಡಿಸಿದರೆ 190(2) ಅಡಿ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಜತೆಗೆ ಮೂರು ತಿಂಗಳು ಲೈಸೆನ್ಸಿಗೆ ಕುತ್ತು. ಡಬ್ಬಿ ಇಲ್ಲದ ಪೈಪನ್ನು ನೋಡಲು ಮೀಟರ್ ಬೇಕಿಲ್ಲ, ಇನ್ಸ್‌ಪೆಕ್ಟರು ಬಗ್ಗಿ ಟಾರ್ಚು ಬಿಟ್ಟರೆ ಕಾಣುತ್ತದೆ. "ಎಮಿಷನ್ ಟೆಸ್ಟ್ ಪಾಸಾಗಿದೆ" ಎಂದು ಚೀಟಿ ತೋರಿಸುವವರಿದ್ದಾರೆ. ಆ ಪರೀಕ್ಷೆ ಹೊಗೆಯದ್ದು, ಸದ್ದನ್ನು ಅದರಲ್ಲಿ ಅಳೆಯುವುದೇ ಇಲ್ಲ.

ಒಂದು ಸೂಕ್ಷ್ಮ ಇದೆ. 190ನೇ ಸೆಕ್ಷನ್ ಸಾರ್ವಜನಿಕ ಸ್ಥಳದಲ್ಲಿ ಓಡಿಸುವುದರ ಬಗ್ಗೆ ಇದೆ. ಕಾರು ತನ್ನದೇ ಕಂಪೌಂಡಿನೊಳಗೆ ನಿಂತು ಗುಡುಗುತ್ತಿದ್ದರೆ ಅದು ನೇರವಾಗಿ ಅನ್ವಯಿಸುವುದಿಲ್ಲ. ಮಾರ್ಪಾಟು ಮಾತ್ರ ಕಂಪೌಂಡಿನೊಳಗಿದ್ದರೂ ಮಾರ್ಪಾಟೇ. ಹಾಗಾಗಿ ದೂರಿನಲ್ಲಿ "ನಿದ್ದೆ ಬರುವುದಿಲ್ಲ" ಎಂಬುದು ಕೊನೆಯ ಸಾಲಾಗಲಿ. ಮೊದಲ ಸಾಲಿನಲ್ಲಿ ವಾಹನದ ನಂಬರ್, ಸೈಲೆನ್ಸರ್ ಬದಲಾಯಿಸಿದಂತಿದೆ ಎಂಬ ಮಾತು, ಅದೇ ಕಾರು ಯಾವ ರಸ್ತೆಯಲ್ಲಿ ಎಷ್ಟು ಗಂಟೆಗೆ ಓಡುತ್ತದೆ ಎಂಬ ವಿವರ ಇರಲಿ. ಜತೆಗೆ ಎರಡು ಮೂರು ವಾರದ ಬರಹ: ದಿನಾಂಕ, ಶುರುವಾದ ಗಂಟೆ, ಎಷ್ಟು ನಿಮಿಷ, ನಿಂತಿತ್ತೋ ರೇಸ್ ಮಾಡಿದರೋ. ನಿಮ್ಮ ಕಿಟಕಿಯಿಂದ ನಂಬರ್ ಪ್ಲೇಟು ಮತ್ತು ಗಂಟೆ ಕಾಣುವ ಒಂದು ವಿಡಿಯೋ ಸಾಕು. ಬೈಕ್ ಹತ್ತಿ ಬೆನ್ನಟ್ಟಿ ಚಿತ್ರೀಕರಿಸುವ ಸಾಹಸ ಬೇಡ.

ದೂರು ಎಲ್ಲಿಗೆ? ಮಾರ್ಪಾಟಿನದಾದರೆ ಆರ್‌ಟಿಒಗೆ. ಜಿಲ್ಲೆಯಲ್ಲಿ ಕಾರವಾರಕ್ಕೆ ಕೆಎ 30, ಶಿರಸಿಗೆ ಕೆಎ 31, ಹೊನ್ನಾವರಕ್ಕೆ ಕೆಎ 47, ದಾಂಡೇಲಿಗೆ ಕೆಎ 65. ದೋಷ ಸರಿಪಡಿಸುವವರೆಗೆ, ಮಾಲೀಕರ ಮಾತನ್ನೂ ಕೇಳಿ, ನೋಂದಣಿಯನ್ನು ಅಮಾನತಿನಲ್ಲಿಡುವ ಅಧಿಕಾರ ನೋಂದಣಿ ಪ್ರಾಧಿಕಾರಕ್ಕೆ ಸೆಕ್ಷನ್ 53ರಲ್ಲಿ ಇದೆ; ಇದು ದಂಡಕ್ಕಿಂತ ಹೆಚ್ಚು ಮುಟ್ಟುವ ಪೆಟ್ಟು. ರಸ್ತೆಯ ಹಾವಳಿಯಾದರೆ ಸಂಚಾರ ಠಾಣೆಗೆ, ಅದಿಲ್ಲದ ಊರಿನಲ್ಲಿ ಸಾಮಾನ್ಯ ಠಾಣೆಗೆ. ರಾತ್ರಿ ನಡೆಯುತ್ತಿರುವಾಗಲೇ ಹೇಳಬೇಕಿದ್ದರೆ 112. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಬೈಕುಗಳ ಕರ್ಕಶ ಸೈಲೆನ್ಸರ್ ಕಿತ್ತು, ರಸ್ತೆಯಲ್ಲಿ ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸಿದ ಚಿತ್ರಗಳನ್ನು ನೋಡಿರುತ್ತೀರಿ. ಕಾರುಗಳ ಸರದಿ ಅಪರೂಪ, ಆದರೆ ನಿಯಮ ಎರಡಕ್ಕೂ ಒಂದೇ. ಸ್ವೀಕೃತಿ ಇಲ್ಲದ ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ. ಬರೆದು ಕೊಟ್ಟು ಸಹಿ, ಮೊಹರು ಪಡೆಯಿರಿ.

ಕಂಪನಿ ಸೈಲೆನ್ಸರಿನಲ್ಲೇ ಅಂಗಳದಲ್ಲಿ ರೇಸ್ ಮಾಡುವವರ ವಿಷಯ ಬೇರೆ. ಅಲ್ಲಿ ವಾಹನ ಕಾನೂನು ಕೈಕೊಡುತ್ತದೆ, ಉಪದ್ರವದ ಕಾನೂನು ಬೇಕಾಗುತ್ತದೆ. ಓಣಿಯ ನಾಲ್ಕಾರು ಮನೆಗಳಿಗೂ ತೊಂದರೆ ಎಂದಾದರೆ ಅದು ಸಾರ್ವಜನಿಕ ಉಪದ್ರವ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಸೆಕ್ಷನ್ನಿನಡಿ ಉಪವಿಭಾಗಾಧಿಕಾರಿಗೆ, ಅಂದರೆ ಎಸಿ ಸಾಹೇಬರಿಗೆ, ಅದನ್ನು ನಿಲ್ಲಿಸಲು ಆದೇಶಿಸುವ ಅಧಿಕಾರ ಇದೆ. 2024ರ ಜುಲೈವರೆಗೆ ಇದೇ ಅಧಿಕಾರ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಸೆಕ್ಷನ್ನಿನಲ್ಲಿ ಇತ್ತು. ನಮ್ಮ ಜಿಲ್ಲೆಯಲ್ಲಿ ಕಾರವಾರ, ಕುಮಟಾ, ಭಟ್ಕಳ, ಶಿರಸಿ ಎಂದು ನಾಲ್ಕು ಉಪವಿಭಾಗ. ಐದಾರು ಮನೆಯವರ ಸಹಿ ಇಲ್ಲಿ ಡೆಸಿಬಲ್ ಮೀಟರಿಗಿಂತ ತೂಕದ್ದು. ತೊಂದರೆ ನಿಮ್ಮೊಬ್ಬರ ಮನೆಗೆ ಮಾತ್ರ ಎಂದಾದರೆ ಅದು ಖಾಸಗಿ ಉಪದ್ರವ, ಸಿವಿಲ್ ನ್ಯಾಯಾಲಯದಲ್ಲಿ ತಡೆಯಾಜ್ಞೆ ಕೇಳಬೇಕು. ನಿಮ್ಮ ಬಲಕ್ಕೆ ಸುಪ್ರೀಂ ಕೋರ್ಟಿನ 2005ರ ಜುಲೈ 18ರ ತೀರ್ಪು ಇದೆ: ಗದ್ದಲವಿಲ್ಲದೆ ಬದುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ. ತೀರ್ಪು ದೊಡ್ಡದು. ಆದರೂ ಪಕ್ಕದ ಮನೆಯ ಮೇಲೆ ದಾವೆ ಹೂಡಿ ವರ್ಷಗಟ್ಟಲೆ ಕಾರವಾರದ ಕೋರ್ಟಿನ ಮೆಟ್ಟಿಲು ಹತ್ತುವುದು ನನ್ನ ಮಟ್ಟಿಗೆ ತೀರಾ ಕೊನೆಯ ದಾರಿ.

ಅಲ್ಲಿಯವರೆಗೆ ಮನೆಯೊಳಗೆ ಮಾಡಬಹುದಾದದ್ದು ಸ್ವಲ್ಪವೇ. ದಪ್ಪ ಪರದೆ, ದಾಸವಾಳದ ಬೇಲಿ, ಗೋಡೆಗೆ ಥರ್ಮೋಕೋಲು ಇವು ಮಂದ್ರದ ಸದ್ದಿಗೆ ಲೆಕ್ಕಕ್ಕಿಲ್ಲ. ಅದನ್ನು ತಡೆಯುವುದು ತೂಕ ಮಾತ್ರ, ಗೋಡೆಯ ತೂಕ ಇಮ್ಮಡಿಯಾದರೆ ಸಿಗುವುದು ಹೆಚ್ಚೆಂದರೆ 6 ಡೆಸಿಬಲ್. ಮಂಚವನ್ನು ಗೋಡೆಯ ಮೂಲೆಯಿಂದ ಈಚೆಗೆ ಎಳೆಯುವುದು ಖರ್ಚಿಲ್ಲದ ಉಪಾಯ, ಕೋಣೆಯ ಮೊಳಗು ಮೂಲೆಗಳಲ್ಲೇ ಹೆಚ್ಚು. ಇನ್ನೊಂದು ಬದಿಯ ಕೋಣೆಯಲ್ಲಿ ಮಲಗಲು ಸಾಧ್ಯವಿದ್ದರೆ ಉಳಿದ ಯಾವ ಉಪಾಯವೂ ಅದಕ್ಕೆ ಸಮ ಅಲ್ಲ.

ಆರ್‌ಟಿಒ ನೋಟಿಸು ಬಂದ ಕೂಡಲೇ ಕಂಪನಿ ಸೈಲೆನ್ಸರ್ ಕೂರಿಸಿ ತೋರಿಸಿ, ಹದಿನೈದು ದಿನ ಬಿಟ್ಟು ಹಳೆಯ ಶೋಕಿ ಪೈಪು ಮತ್ತೆ ಹಾಕಿಸಿಕೊಳ್ಳುವುದು ಗ್ಯಾರೇಜಿನವರಿಗೆಲ್ಲ ಗೊತ್ತಿರುವ ಆಟ. ಬೋಲ್ಟು ಬಿಚ್ಚಿ ಹಾಕಲು ಒಂದು ಗಂಟೆಯೂ ಬೇಡ. ಸದ್ದು ನಿಂತಿತು ಎಂದು ಪುಸ್ತಕ ಮುಚ್ಚಿಡದೆ ಇನ್ನೂ ಒಂದೆರಡು ತಿಂಗಳು ಬರೆಯುತ್ತಿರಿ, ದೂರಿನ ಸ್ವೀಕೃತಿಯನ್ನು ಅದರೊಳಗೇ ಇಟ್ಟಿರಿ. 190ರಲ್ಲಿ ಎರಡನೇ ಸಲಕ್ಕೆ ಜೈಲಿನ ಅವಧಿ ಆರು ತಿಂಗಳವರೆಗೆ ಏರುತ್ತದೆ.